454ನೇ ಬೈಟ್‌ನಲ್ಲಿ ಮುಗ್ಗರಿಸುವ ಎಸ್‌ಡಿ ಕಾರ್ಡ್ ಡ್ರೈವರ್: ಅಲೈನ್‌ಮೆಂಟ್ ದುರಸ್ತಿಯ ದಾಖಲೆ

ರಿಪೇರಿಗೆ ಬಂದದ್ದು ಡೇಟಾ ಲಾಗರ್ ಒಂದರ ಎಸ್‌ಡಿ ಕಾರ್ಡ್ ಡ್ರೈವರ್. ಎಸ್‌ಟಿಎಂ32ಎಫ್411 ಬೋರ್ಡ್ ಮೇಲೆ, ಅಂದರೆ ಕಾರ್ಟೆಕ್ಸ್-ಎಂ4 ಮೇಲೆ, ಅದು ಚೆನ್ನಾಗಿಯೇ ಓಡುತ್ತದೆ. ಅದೇ ಸೋರ್ಸ್ ಕೋಡನ್ನು ರಾಸ್ಪ್‌ಬೆರಿ ಪೈ ಪಿಕೊಗೆ ತಂದರೆ ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಕಾರ್ಡ್ ಎಚ್ಚರಗೊಳ್ಳುತ್ತದೆ, ಒಂದು ಬ್ಲಾಕ್ ಓದುವ ಸಿಎಂಡಿ17 ಆದೇಶಕ್ಕೆ ಉತ್ತರ ಬರುತ್ತದೆ, ಮೊದಲ ಸೆಕ್ಟರ್‌ನ 512 ಬೈಟ್‌ಗಳು ಇಳಿಯುತ್ತವೆ, ಬೈಟ್‌ಗಳು ಕೆಟ್ಟಿಲ್ಲ ಎಂದು ತಿಳಿಸುವ ಸಿಆರ್‌ಸಿ ಕೂಡ ತಾಳೆಯಾಗುತ್ತದೆ. ಅದಾದ ಮೇಲೆ ಬೋರ್ಡ್ ಉಸಿರೆತ್ತುವುದಿಲ್ಲ.

ಸಿಆರ್‌ಸಿ ತಾಳೆಯಾದ ಮೇಲೆ ವೈರು, ಪುಲ್-ಅಪ್ ರೆಸಿಸ್ಟರ್, ಎಸ್‌ಪಿಐ (ಕಾರ್ಡ್‌ಗೂ ಚಿಪ್‌ಗೂ ನಡುವಿನ ಸೀರಿಯಲ್ ಸಂಪರ್ಕ) ವೇಗ ಇವುಗಳ ಮೇಲೆ ಅನುಮಾನ ಪಡುವುದು ದಂಡ. 10 ಕಿಲೊ ಓಮ್ ರೆಸಿಸ್ಟರ್ ಬದಲಿಸುತ್ತಾ ಕೂತರೆ ಅರ್ಧ ದಿನ ಹೋಗುತ್ತದೆ ಅಷ್ಟೆ. ತಂತಿಯ ಮೇಲೆ ಬಂದ ಬೈಟ್‌ಗಳು ಸರಿಯಾಗಿವೆ. ಅವನ್ನು ಓದುವ ರೀತಿಯಲ್ಲೇ ಏನೋ ಎಡವಟ್ಟಿದೆ.

ಫಾಲ್ಟ್ ಎಲ್ಲಿ ಎಂದು ಹಿಡಿಯುವುದು

ಪಿಕೊದ ಆರ್‌ಪಿ2040 ಚಿಪ್‌ನಲ್ಲಿರುವುದು ಎರಡು ಕಾರ್ಟೆಕ್ಸ್-ಎಂ0+ ಕೋರ್‌ಗಳು. ಎಂ3, ಎಂ4ಗಳಲ್ಲಿ ಇರುವ ಫಾಲ್ಟ್ ಸ್ಟೇಟಸ್ ರಿಜಿಸ್ಟರ್ ಇದರಲ್ಲಿಲ್ಲ. ಯೂಸೇಜ್ ಫಾಲ್ಟ್, ಬಸ್ ಫಾಲ್ಟ್ ಎಂಬ ವಿಂಗಡಣೆಯೂ ಇಲ್ಲ. ಏನೇ ಆಗಲಿ ಹಾರ್ಡ್ ಫಾಲ್ಟ್ (ಪ್ರೊಸೆಸರ್ ಕೆಲಸ ಮುಂದುವರಿಸಲಾಗದ ದೋಷ), ಕಾರಣ ನೀವೇ ಹುಡುಕಿಕೊಳ್ಳಿ ಎನ್ನುವ ಧೋರಣೆ. ಹಾಗಾಗಿ ಕೈಗೆ ಸಿಗುವ ಸಾಕ್ಷಿ ಒಂದೇ: ಫಾಲ್ಟ್ ಆದ ಕ್ಷಣದಲ್ಲಿ ಪ್ರೊಸೆಸರ್ ತಾನಾಗಿ ಸ್ಟಾಕ್ ಮೇಲೆ ಇಟ್ಟ ಎಂಟು ಪದಗಳು (ಪದ ಎಂದರೆ 32 ಬಿಟ್). ಅವು ಆರ್0, ಆರ್1, ಆರ್2, ಆರ್3, ಆರ್12, ಎಲ್‌ಆರ್, ಪಿಸಿ, ಎಕ್ಸ್‌ಪಿಎಸ್‌ಆರ್, ಇದೇ ಕ್ರಮದಲ್ಲಿ. ನಮಗೆ ಬೇಕಾದ ಪಿಸಿ, ಅಂದರೆ ಫಾಲ್ಟ್ ಆದ ಇನ್‌ಸ್ಟ್ರಕ್ಷನ್‌ನ ವಿಳಾಸ, ಇರುವುದು 24ನೇ ಬೈಟ್‌ನಿಂದ.

ಹ್ಯಾಂಡ್ಲರ್ (ಫಾಲ್ಟ್ ಆದಾಗ ಓಡುವ ಕೋಡ್) ಬರೆಯುವಾಗ ಒಂದು ಎಚ್ಚರಿಕೆ. ಇಂಟರ್‌ನೆಟ್‌ನಲ್ಲಿ ಓಡಾಡುವ ಫಾಲ್ಟ್ ಹ್ಯಾಂಡ್ಲರ್‌ಗಳಲ್ಲಿ ಹೆಚ್ಚಿನವು ಎಂ4ಗೆ ಬರೆದವು: ಎಲ್‌ಆರ್‌ನ 2ನೇ ಬಿಟ್ ಅನ್ನು ನೇರ ಸ್ಥಿರಾಂಕದ ಜೊತೆ ಪರೀಕ್ಷಿಸಿ, ಐಟಿಇ ಬ್ಲಾಕ್ ಹಾಕಿ, ಎರಡು ಸ್ಟಾಕ್ ಪಾಯಿಂಟರ್‌ಗಳಲ್ಲಿ ಎಂಎಸ್‌ಪಿಯೋ ಪಿಎಸ್‌ಪಿಯೋ ಎಂದು ಆರಿಸಿಕೊಳ್ಳುತ್ತವೆ. ಎಂ0+ನಲ್ಲಿ ಆ ಎರಡೂ ಇನ್‌ಸ್ಟ್ರಕ್ಷನ್‌ಗಳಿಲ್ಲ, ಅಸೆಂಬ್ಲರ್ ಮುಖಕ್ಕೆ ಹೊಡೆದಂತೆ ನಿರಾಕರಿಸುತ್ತದೆ. ಇಲ್ಲಿ 4 ಎಂಬ ಸಂಖ್ಯೆಯನ್ನು ಆರ್0ಗೆ, ಎಲ್‌ಆರ್ ಅನ್ನು ಆರ್1ಕ್ಕೆ ಹಾಕಿ, ಎರಡನ್ನೂ ಟೆಸ್ಟ್ ಮಾಡಿ, ಸೊನ್ನೆ ಬಂದರೆ ಎಂಎಸ್‌ಪಿ ಓದುವ ಕಡೆಗೆ, ಇಲ್ಲದಿದ್ದರೆ ಪಿಎಸ್‌ಪಿ ಓದುವ ಕಡೆಗೆ ಬ್ರಾಂಚ್ ಮಾಡಬೇಕು. ಸಿ ಫಂಕ್ಷನ್‌ಗೆ ಹೋಗುವಾಗಲೂ ಅದರ ವಿಳಾಸವನ್ನು ರಿಜಿಸ್ಟರ್‌ಗೆ ತುಂಬಿಕೊಂಡೇ ಜಿಗಿಯುವುದು ಕ್ಷೇಮ. ಎಂ0+ನ ಸಣ್ಣ ಬ್ರಾಂಚ್‌ನ ಕೈ ಸುಮಾರು 2 ಕಿಲೊಬೈಟ್ ಆಚೀಚೆಗಷ್ಟೇ ಚಾಚುತ್ತದೆ. ಈ ಹ್ಯಾಂಡ್ಲರ್ ಅನ್ನು ನೇಕೆಡ್ ಎಂದು ಗುರುತಿಸದಿದ್ದರೆ ಕಂಪೈಲರ್ ತನ್ನ ಪುಷ್ ಹಾಕಿ ಸ್ಟಾಕ್ ಪಾಯಿಂಟರ್ ಅನ್ನು ಕದಲಿಸಿಬಿಡುತ್ತದೆ, ಆಮೇಲೆ ಓದುವ ಪಿಸಿ ಕಸ.

ಹ್ಯಾಂಡ್ಲರ್ ಕೊಟ್ಟ ಪಿಸಿಯನ್ನು ಆಬ್ಜ್‌ಡಂಪ್ ಕೊಟ್ಟ ಅಸೆಂಬ್ಲಿ ಪಟ್ಟಿಯಲ್ಲಿ ಹುಡುಕಿದರೆ ಸಿಕ್ಕಿದ್ದು ಸಾದಾ 32 ಬಿಟ್ ಲೋಡ್: ಆರ್2 ತೋರಿಸುವ ವಿಳಾಸದಿಂದ ಆರ್3ಕ್ಕೆ. ಸ್ಟಾಕ್‌ನಿಂದ ತೆಗೆದ ಆರ್2ರ ಬೆಲೆ ಹೆಕ್ಸ್ 20001247. ಕೊನೆಯ ಅಂಕಿ 7, ಅಂದರೆ ಕೆಳಗಿನ ಎರಡು ಬಿಟ್ 11. 32 ಬಿಟ್ ಲೋಡ್‌ಗೆ ಆ ಎರಡೂ ಬಿಟ್ ಸೊನ್ನೆಯೇ ಇರಬೇಕು, ಅಂದರೆ ವಿಳಾಸ 4ರಿಂದ ಭಾಗವಾಗಬೇಕು. ಅಲೈನ್‌ಮೆಂಟ್ ಎಂದರೆ ಇದೇ: ವಿಳಾಸ ಓದುವ ಅಗಲದ ಗುಣಕವಾಗಿರುವುದು. ಎಂ0+ಗೆ ಇದರಲ್ಲಿ ರಾಜಿಯೇ ಇಲ್ಲ.

ರೂಢಿ ಮಾಡಿಕೊಳ್ಳಬೇಕಾದ ಕ್ರಮ ಇದು: ಎಂ0+ನಲ್ಲಿ ಹಾರ್ಡ್ ಫಾಲ್ಟ್ ಬಂದೊಡನೆ, ಪಿಸಿ ತೋರಿಸುವ ಇನ್‌ಸ್ಟ್ರಕ್ಷನ್ ಲೋಡ್ ಅಥವಾ ಸ್ಟೋರ್ ಆಗಿದ್ದರೆ ಬೇಸ್ ರಿಜಿಸ್ಟರ್‌ನ ಕೊನೆಯ ಹೆಕ್ಸ್ ಅಂಕಿ ನೋಡುವುದು. 32 ಬಿಟ್ ಆದರೆ 0, 4, 8 ಅಥವಾ ಸಿ. 16 ಬಿಟ್ ಆದರೆ ಸಮ ಅಂಕಿ. ಬೇರೆ ಏನೇ ಕಂಡರೂ ಮುಂದೆ ಹುಡುಕುವ ಅಗತ್ಯವಿಲ್ಲ.

ಬಫರ್ ಎಲ್ಲಿ ಕೂತಿತ್ತು

ಲಿಂಕರ್‌ನ ಮ್ಯಾಪ್ ಫೈಲ್ (ಯಾವ ವೇರಿಯಬಲ್ ಯಾವ ವಿಳಾಸದಲ್ಲಿದೆ ಎಂಬ ಪಟ್ಟಿ) ಪ್ರಕಾರ ರಿಸೀವ್ ಬಫರ್‌ನ ತಳ ಹೆಕ್ಸ್ 20001080, 4ರಿಂದ ನಿಶ್ಶೇಷವಾಗಿ ಭಾಗವಾಗುವ ಸಭ್ಯ ವಿಳಾಸ. ಆದರೆ ಬಫರ್‌ನ ಸ್ಟ್ರಕ್ಚರ್ ಹೀಗಿತ್ತು: 1 ಬೈಟ್ ಡೇಟಾ ಟೋಕನ್, 512 ಬೈಟ್ ಸೆಕ್ಟರ್, 2 ಬೈಟ್ ಸಿಆರ್‌ಸಿ, ಒಟ್ಟು 515. ಎಸ್‌ಡಿ ಕಾರ್ಡ್ ಎಸ್‌ಪಿಐ ಮೋಡ್‌ನಲ್ಲಿ ಬ್ಲಾಕ್ ಕಳಿಸುವ ಮುನ್ನ ಹೆಕ್ಸ್ ಎಫ್‌ಇ ಎಂಬ ಟೋಕನ್ ಕಳಿಸುತ್ತದೆ. ಅದನ್ನೂ ಸೇರಿಸಿ ಒಂದೇ ಏಟಿಗೆ ಓದುವ ಆಸೆಯಿಂದ ಸೆಕ್ಟರ್ ಪೂರ್ತಿ ಒಂದು ಬೈಟ್ ಪಕ್ಕಕ್ಕೆ ಸರಿದಿತ್ತು.

ಆಮೇಲೆ ಮಾಸ್ಟರ್ ಬೂಟ್ ರೆಕಾರ್ಡ್‌ನ, ಅಂದರೆ ಕಾರ್ಡ್‌ನ ಮೊದಲ ಸೆಕ್ಟರ್‌ನ, 454ನೇ ಬೈಟ್‌ನಿಂದ ಮೊದಲ ಪಾರ್ಟಿಶನ್ನಿನ ಆರಂಭದ ಸೆಕ್ಟರ್ ಸಂಖ್ಯೆಯನ್ನು 32 ಬಿಟ್ ಪಾಯಿಂಟರ್‌ಗೆ (32 ಬಿಟ್ ಸಂಖ್ಯೆಯನ್ನು ತೋರಿಸುವ ಪಾಯಿಂಟರ್‌ಗೆ) ಕಾಸ್ಟ್ ಮಾಡಿ, ಅಂದರೆ ಬಗೆ ಬದಲಿಸಿ, ಓದಲಾಗುತ್ತಿತ್ತು. 1 ಮತ್ತು 454 ಸೇರಿ 455, ಹೆಕ್ಸ್‌ನಲ್ಲಿ 1ಸಿ7. 20001080ಕ್ಕೆ ಅದನ್ನು ಕೂಡಿದರೆ 20001247. ಲೆಕ್ಕ ಚುಕ್ತಾ.

ಇಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ ಟೋಕನ್ ಅನ್ನು ಬೇರೆ ಓದುವುದು. ಎರಡನೆಯದು ಬಫರ್‌ಗೆ ಅಲೈನ್‌ಮೆಂಟ್ ಆಟ್ರಿಬ್ಯೂಟ್ ಹಚ್ಚುವುದು. ಎರಡೂ ಒಳ್ಳೆಯವೇ, ಆದರೆ ಎರಡರಿಂದಲೂ ಈ ಡ್ರೈವರ್ ಉದ್ಧಾರವಾಗುವುದಿಲ್ಲ. ಯಾಕೆಂದರೆ 454 ಕೂಡ 4ರಿಂದ ಭಾಗವಾಗುವುದಿಲ್ಲ, ಶೇಷ 2. ಸರಿ, ಸೆಕ್ಟರ್‌ನ ತಳವನ್ನೇ 2 ಬೈಟ್ ಮುಂದಕ್ಕೆ ಇಟ್ಟರೆ 454 ಮತ್ತು ಅದರ ಪಕ್ಕದ 458 ಎರಡೂ ಸರಿಯಾಗುತ್ತವೆ. ಆಗ ಪಾರ್ಟಿಶನ್ನಿನ ಬೂಟ್ ಸೆಕ್ಟರ್ ಅದೇ ಬಫರ್‌ಗೆ ಬರುತ್ತದೆ. ಅದರಲ್ಲಿ ಸೆಕ್ಟರ್ ಗಾತ್ರ ಇರುವುದು 11ನೇ ಬೈಟ್‌ನಲ್ಲಿ, 16 ಬಿಟ್. ರೂಟ್ ಎಂಟ್ರಿಗಳ ಸಂಖ್ಯೆ 17ರಲ್ಲಿ, ಹಳೆಯ ಒಟ್ಟು ಸೆಕ್ಟರ್ ಸಂಖ್ಯೆ 19ರಲ್ಲಿ. ಎಲ್ಲವೂ ಬೆಸ. ಅವು ಸರಿಯಾಗಬೇಕಾದರೆ ತಳ ಬೆಸ ವಿಳಾಸದಲ್ಲಿರಬೇಕು. ತಳ ಬೆಸವಾದರೆ 14ರಲ್ಲಿರುವ ರಿಸರ್ವ್ಡ್ ಸೆಕ್ಟರ್ ಸಂಖ್ಯೆಯೂ 36ರಲ್ಲಿರುವ ಎಫ್‌ಎಟಿ (ಫೈಲ್ ಹಂಚಿಕೆ ಕೋಷ್ಟಕ) ಗಾತ್ರವೂ ಕೆಡುತ್ತವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಪರಿಸ್ಥಿತಿ. ಬಫರನ್ನು ಎಲ್ಲೇ ಕೂರಿಸಿ, ಎಲ್ಲ ಫೀಲ್ಡ್‌ಗಳೂ ಒಟ್ಟಿಗೆ ಅಲೈನ್ ಆಗುವ ತಳ ವಿಳಾಸವೇ ಇಲ್ಲ.

ಈ ವಿನ್ಯಾಸ ಯಾರ ಕಿಡಿಗೇಡಿತನವೂ ಅಲ್ಲ. ಬೂಟ್ ಸೆಕ್ಟರ್‌ನ ಆರಂಭದಲ್ಲಿ 3 ಬೈಟ್‌ನ ಜಂಪ್ ಇನ್‌ಸ್ಟ್ರಕ್ಷನ್, ನಂತರ 8 ಬೈಟ್‌ನ ಹೆಸರು. ಹನ್ನೊಂದರ ಮೂಲ ಅದು. ಪಾರ್ಟಿಶನ್ ಕೋಷ್ಟಕವನ್ನು ಸೆಕ್ಟರ್‌ನ ಬಾಲಕ್ಕೆ ಕಟ್ಟಿದ್ದಾರೆ: 512ರಲ್ಲಿ ಕೊನೆಯ 2 ಬೈಟ್ ಸಹಿ, ಅದಕ್ಕೂ ಮೊದಲು 16 ಬೈಟ್‌ನ ನಾಲ್ಕು ನಮೂದು, ಹಾಗಾಗಿ ಕೋಷ್ಟಕ ಶುರುವಾಗುವುದು 446ಕ್ಕೆ, ಪ್ರತಿ ನಮೂದಿನ 8ನೇ ಬೈಟ್‌ನಲ್ಲಿ ಆರಂಭದ ಸೆಕ್ಟರ್. ಇವೆಲ್ಲ 1983ರ ಡಾಸ್ 2.0 ಕಾಲದವು. ಆಗಿನ ಐಬಿಎಂ ಪಿಸಿಯ 8088 ಪ್ರೊಸೆಸರ್‌ನ ಡೇಟಾ ಬಸ್ ಬರೀ 8 ಬಿಟ್ ಅಗಲ. ಸಮವೋ ಬೆಸವೋ, ಅದು ಹೇಗೂ ಒಂದೊಂದೇ ಬೈಟ್ ಹೊರುತ್ತಿತ್ತು, ಅಲೈನ್‌ಮೆಂಟ್ ಎಂಬುದು ಅದಕ್ಕೆ ತಲೆನೋವೇ ಅಲ್ಲ. ಉದ್ದ ಹೆಸರಿನ ಡೈರೆಕ್ಟರಿ ನಮೂದುಗಳಲ್ಲೂ ಇದೇ ಚಾಳಿ ಮುಂದುವರಿದಿದೆ; ಮೊದಲ ಐದು ಅಕ್ಷರಗಳು 1, 3, 5, 7, 9ನೇ ಬೈಟ್‌ಗಳಲ್ಲಿ, 16 ಬಿಟ್‌ನವು.

ಎಂ4 ಯಾಕೆ ಸುಮ್ಮನಿತ್ತು

ಎಂ3, ಎಂ4, ಎಂ7ಗಳು ಸಾಮಾನ್ಯ ಮೆಮೊರಿಯಲ್ಲಿ ಅಲೈನ್ ತಪ್ಪಿದ 16 ಮತ್ತು 32 ಬಿಟ್ ಲೋಡ್, ಸ್ಟೋರ್‌ಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತವೆ, ಒಂದೆರಡು ಸೈಕಲ್ ಹೆಚ್ಚು ತೆಗೆದುಕೊಂಡು. ಆದರೆ ಆ ಔದಾರ್ಯ ಒಂಟಿ ಲೋಡ್‌ಗೆ ಮಾತ್ರ. ಎರಡು ಪದ ಒಟ್ಟಿಗೆ ತರುವ ಎಲ್‌ಡಿಆರ್‌ಡಿ, ಹಲವು ಪದ ತರುವ ಎಲ್‌ಡಿಎಂ, ಅವುಗಳ ಸ್ಟೋರ್ ಜೋಡಿಗಳು, ಎಕ್ಸ್‌ಕ್ಲೂಸಿವ್ ಲೋಡ್, ಫ್ಲೋಟಿಂಗ್ ಪಾಯಿಂಟ್ ಲೋಡ್: ಇವುಗಳಿಗೆ ಅಲೈನ್ ತಪ್ಪಿದರೆ ಎಂ4 ಕೂಡ ಯೂಸೇಜ್ ಫಾಲ್ಟ್ ಎಸೆಯುತ್ತದೆ.

ಈ ಡ್ರೈವರ್‌ನಲ್ಲಿ 454ರ ಪಕ್ಕದ 458ರಲ್ಲಿ ಪಾರ್ಟಿಶನ್ನಿನ ಒಟ್ಟು ಸೆಕ್ಟರ್‌ಗಳ ಸಂಖ್ಯೆ ಇದೆ. ಒಂದೇ ಪಾಯಿಂಟರ್‌ನ ಸೊನ್ನೆ ಮತ್ತು ಒಂದನೇ ಅಂಶವಾಗಿ ಎರಡನ್ನೂ ಒಟ್ಟಿಗೆ ಓದಿದರೆ ಕಂಪೈಲರ್ ಅದನ್ನು ಒಂದೇ ಎಲ್‌ಡಿಆರ್‌ಡಿಗೆ ಮಡಚಬಹುದು. 32 ಬಿಟ್ ಪಾಯಿಂಟರ್ ಎಂದು ನೀವೇ ಮಾತು ಕೊಟ್ಟಿದ್ದೀರಿ, ಅಲೈನ್ ಆಗಿದೆ ಎಂದು ನಂಬುವ ಹಕ್ಕು ಅದಕ್ಕಿದೆ. ಸಿ ಭಾಷೆಯ ನಿಯಮದ ಪ್ರಕಾರ ಅಲೈನ್ ತಪ್ಪಿದ ಪಾಯಿಂಟರ್‌ಗೆ ಕಾಸ್ಟ್ ಮಾಡುವುದೇ ಅನಿರ್ದಿಷ್ಟ ನಡವಳಿಕೆ. ಓದುವ ಹಂತದವರೆಗೂ ಹೋಗಬೇಕಿಲ್ಲ. ಆಪ್ಟಿಮೈಸೇಶನ್ ಇಲ್ಲದೆ ಓಡುವ, ಓ2 ಹಾಕಿದೊಡನೆ ಬೀಳುವ ಡ್ರೈವರ್‌ಗಳಲ್ಲಿ ಎಷ್ಟೋ ಸಲ ಕಂಪೈಲರ್ ಬಗ್ ಎಂಬ ಆರೋಪ ಕೇಳಿಬರುತ್ತದೆ. ಡಿಸ್‌ಅಸೆಂಬ್ಲಿ ತೆರೆದು ನೋಡಿದರೆ ಎಲ್‌ಡಿಆರ್‌ಡಿ ಅಲ್ಲಿ ಕೂತಿರುತ್ತದೆ.

ಎಂ4ನಲ್ಲಿ ಈ ಫಾಲ್ಟ್ ಗುರುತಿಸುವುದು ಸುಲಭ. ಸಂಯುಕ್ತ ಫಾಲ್ಟ್ ಸ್ಟೇಟಸ್ ರಿಜಿಸ್ಟರ್‌ನ 24ನೇ ಬಿಟ್ ಏಳುತ್ತದೆ. ಯೂಸೇಜ್ ಫಾಲ್ಟ್ ಅನ್ನು ಸಿಸ್ಟಮ್ ಹ್ಯಾಂಡ್ಲರ್ ಕಂಟ್ರೋಲ್ ರಿಜಿಸ್ಟರ್‌ನ 18ನೇ ಬಿಟ್‌ನಿಂದ ಚಾಲೂ ಮಾಡದಿದ್ದರೆ ಅದು ಹಾರ್ಡ್ ಫಾಲ್ಟ್ ಆಗಿ ಬಡ್ತಿ ಪಡೆಯುತ್ತದೆ, ಆದರೂ ಆ 24ನೇ ಬಿಟ್ ಅಳಿಸಿಹೋಗುವುದಿಲ್ಲ, ಓದಬಹುದು.

ಪ್ಯಾಕ್ಡ್ ಎಂಬ ತೇಪೆ

ಮೊದಲು ಪ್ರಯತ್ನಿಸಿದ್ದು ಬೂಟ್ ಸೆಕ್ಟರ್‌ಗೆ ಪ್ಯಾಕ್ಡ್, ಅಂದರೆ ಸದಸ್ಯರ ನಡುವೆ ಖಾಲಿ ಜಾಗ ಬಿಡದ, ಸ್ಟ್ರಕ್ಚರ್ ಬರೆಯುವುದು. ಸ್ಟ್ರಕ್ಚರ್‌ನ ಸದಸ್ಯರನ್ನು ನೇರವಾಗಿ ಹೆಸರಿಂದ ಓದುವವರೆಗೆ ಇದು ಕೆಲಸ ಮಾಡುತ್ತದೆ, ಎಂ0+ಗೆ ಕಂಪೈಲರ್ ಒಂದೊಂದೇ ಬೈಟ್ ತರುವ ಕೋಡ್ ಹಾಕುತ್ತದೆ. ಆದರೆ ಸದಸ್ಯನ ವಿಳಾಸ ತೆಗೆದು ಇನ್ನೊಂದು ಫಂಕ್ಷನ್‌ಗೆ 16 ಬಿಟ್ ಪಾಯಿಂಟರ್ ಆಗಿ ಕೊಟ್ಟ ಕೂಡಲೇ ಪ್ಯಾಕ್ಡ್ ಎಂಬ ಮಾಹಿತಿ ಕಳಚಿಹೋಗುತ್ತದೆ, ಫಾಲ್ಟ್ ಆ ಫಂಕ್ಷನ್ ಒಳಗೆ ಹುಟ್ಟುತ್ತದೆ. ಜಿಸಿಸಿ 9ರಿಂದ ಇದಕ್ಕೆ ಎಚ್ಚರಿಕೆ ತಾನಾಗಿ ಬರುತ್ತದೆ. ಅದನ್ನು ಆಫ್ ಮಾಡಿದ ಮೇಕ್‌ಫೈಲ್ ಕಂಡರೆ ಮೊದಲು ಅದನ್ನು ಅಳಿಸಿ.

ಇದಕ್ಕಿಂತ ಕೆಟ್ಟ ಬಳಕೆ ಇನ್ನೊಂದಿದೆ: ಇದ್ದರೆ ಇರಲಿ ಎಂದು ಹಾರ್ಡ್‌ವೇರ್ ರಿಜಿಸ್ಟರ್‌ಗಳ ಸ್ಟ್ರಕ್ಚರ್‌ಗೂ ಪ್ಯಾಕ್ಡ್ ಹಚ್ಚುವುದು. ಅಲ್ಲಿ 32 ಬಿಟ್ ಬರಹವೊಂದು ನಾಲ್ಕು ಬೈಟ್ ಬರಹಗಳಾಗಿ ಒಡೆಯುತ್ತದೆ. ಆರ್‌ಪಿ2040ರ ಪೆರಿಫೆರಲ್ ರಿಜಿಸ್ಟರ್‌ಗಳು ಬರಹದ ಅಗಲವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದು ಬೈಟ್ ಬರೆದರೆ ಅದೇ ಬೈಟ್ ಬಸ್‌ನ ನಾಲ್ಕೂ ಪಥಗಳಲ್ಲಿ ನಕಲಾಗಿ ಪೂರ್ತಿ ರಿಜಿಸ್ಟರ್‌ಗೆ ಇಳಿಯುತ್ತದೆ. ಹೆಕ್ಸ್ 05 ಬರೆದರೆ 05050505. ನಾಲ್ಕು ಸಲ ಬರೆದರೆ ಕೊನೆಯ ಬೈಟ್‌ನ ನಾಲ್ಕು ನಕಲು ಉಳಿಯುತ್ತದೆ. ಫಾಲ್ಟ್ ಇಲ್ಲ, ಎಚ್ಚರಿಕೆ ಇಲ್ಲ, ಎಸ್‌ಪಿಐ ಗಡಿಯಾರ ಮಾತ್ರ ಎಲ್ಲೋ ಹಾರಿಹೋಗಿರುತ್ತದೆ. ರಿಜಿಸ್ಟರ್‌ಗಳ ಸ್ಟ್ರಕ್ಚರ್ ಸಹಜವಾಗಿಯೇ ಅಲೈನ್ ಆಗಿರುತ್ತದೆ, ಅದಕ್ಕೆ ಪ್ಯಾಕ್ಡ್‌ನ ಹಂಗು ಬೇಕಿಲ್ಲ.

ಉಳಿದುಕೊಂಡ ಪರಿಹಾರ

ಕೊನೆಗೆ ಡ್ರೈವರ್‌ನ ಪಾಯಿಂಟರ್ ಕಾಸ್ಟ್‌ಗಳನ್ನೆಲ್ಲ ಕಿತ್ತು, ಕಾರ್ಡ್‌ನಿಂದ ಬಂದ ಯಾವುದೇ ಸಂಖ್ಯೆಯನ್ನು ಬೈಟ್‌ಗಳಿಂದಲೇ ಕಟ್ಟುವ ನಾಲ್ಕು ಪುಟ್ಟ ಇನ್‌ಲೈನ್ ಫಂಕ್ಷನ್ ಬರೆಯಲಾಯಿತು: ಲಿಟ್ಲ್ ಎಂಡಿಯನ್‌ಗೆ (ಕೆಳಗಿನ ಬೈಟ್ ಮೊದಲು) 16, 32, ಬಿಗ್ ಎಂಡಿಯನ್‌ಗೆ (ಮೇಲಿನ ಬೈಟ್ ಮೊದಲು) 16, 32 ಬಿಟ್. ಒಂದರ ರೂಪ ಹೀಗೆ:

ಓದು_ಎಲ್‌ಇ32(ಪಿ):
  (ಯು32)ಪಿ[0] | (ಯು32)ಪಿ[1] << 8 | (ಯು32)ಪಿ[2] << 16 | (ಯು32)ಪಿ[3] << 24

ಪ್ರತಿ ಬೈಟ್‌ನ ಮುಂದೆ 32 ಬಿಟ್ ಅನ್‌ಸೈನ್ಡ್ ಕಾಸ್ಟ್ ಯಾಕೆ ಎಂದರೆ, 8 ಬಿಟ್ ಬೆಲೆ ಲೆಕ್ಕದಲ್ಲಿ ತಾನಾಗಿ ಸೈನ್ಡ್ ಇಂಟ್ ಆಗುತ್ತದೆ. ಅದರ ಮೇಲಿನ ಬಿಟ್ 1 ಇದ್ದು 24 ಸ್ಥಾನ ಎಡಕ್ಕೆ ಸರಿಸಿದರೆ ಮತ್ತೆ ಅನಿರ್ದಿಷ್ಟ ನಡವಳಿಕೆ. ಒಂದು ಹಳ್ಳ ಮುಚ್ಚಲು ಹೋಗಿ ಪಕ್ಕದಲ್ಲೇ ಇನ್ನೊಂದು ತೋಡಿದ ಹಾಗೆ.

ಇದು ನಿಧಾನವಲ್ಲವೇ? ಎಂ0+ನಲ್ಲಿ ನಾಲ್ಕು ಬೈಟ್ ಲೋಡ್, ಮೂರು ಶಿಫ್ಟ್, ಮೂರು ಬಿಟ್‌ವೈಸ್ ಆರ್. ಲೋಡ್‌ಗೆ 2 ಸೈಕಲ್, ಉಳಿದವಕ್ಕೆ 1 ಎಂದರೆ ಒಟ್ಟು 14. 125 ಮೆಗಾಹರ್ಟ್ಸ್‌ನಲ್ಲಿ ಸುಮಾರು 0.1 ಮೈಕ್ರೊಸೆಕೆಂಡ್. 12 ಮೆಗಾಹರ್ಟ್ಸ್ ಎಸ್‌ಪಿಐ ಮೇಲೆ ಒಂದು ಸೆಕ್ಟರ್‌ನ 4096 ಬಿಟ್ ಬರಲು ಹಿಡಿಯುವುದು 341 ಮೈಕ್ರೊಸೆಕೆಂಡ್. ಮೂರು ಸಾವಿರದಲ್ಲಿ ಒಂದು ಪಾಲು; ಮಾತಾಡುವಷ್ಟಿಲ್ಲ. ಎಂ4ಗೆ ಕಂಪೈಲ್ ಮಾಡಿದರೆ ಜಿಸಿಸಿ ಈ ವಿನ್ಯಾಸವನ್ನು ಗುರುತಿಸಿ ಒಂದೇ ಲೋಡ್‌ಗೆ ಇಳಿಸಬಲ್ಲದು. ಬಿಗ್ ಎಂಡಿಯನ್ ಆದರೆ ಜೊತೆಗೊಂದು ರೆವ್ (ಬೈಟ್‌ಗಳ ಕ್ರಮ ತಿರುಗಿಸುವ ಇನ್‌ಸ್ಟ್ರಕ್ಷನ್).

ಬೈಟ್‌ಗಳನ್ನು ನಕಲು ಮಾಡುವ ಮೆಮ್‌ಕಾಪಿ ಬಳಸುವುದೂ ನ್ಯಾಯವಾದ ದಾರಿಯೇ. ಒಂದೇ ಷರತ್ತು: ಅದಕ್ಕೆ ಕೊಡುವ ಮೂಲ ಬೈಟ್ ಪಾಯಿಂಟರ್ ಆಗಿರಬೇಕು. ದಾರಿಯಲ್ಲಿ ಎಲ್ಲಾದರೂ 32 ಬಿಟ್ ಪಾಯಿಂಟರ್‌ಗೆ ಕಾಸ್ಟ್ ಆಗಿ ಬಂದಿದ್ದರೆ ಕೆಲವು ಕಂಪೈಲರ್‌ಗಳು ಅದನ್ನು ಅಲೈನ್ ಆದದ್ದು ಎಂದು ನಂಬಿ ಮೆಮ್‌ಕಾಪಿಯನ್ನೇ ಒಂದು ಪದದ ಲೋಡ್ ಆಗಿ ಬದಲಿಸುತ್ತವೆ. ಲೈನಕ್ಸ್ ಕರ್ನಲ್ ಡ್ರೈವರ್ ಬರೆಯುವವರು ಇದನ್ನೆಲ್ಲ ಕೈಯಾರೆ ಮಾಡಬೇಕಿಲ್ಲ. ಗೆಟ್_ಅನ್‌ಅಲೈನ್ಡ್_ಎಲ್‌ಇ32 ಕುಟುಂಬ ಅಲ್ಲೇ ಇದೆ. ಅದರ ಹೆಡರ್ 6.12ರಿಂದ ಎಎಸ್‌ಎಂ ಫೋಲ್ಡರ್ ಬಿಟ್ಟು ಲೈನಕ್ಸ್ ಫೋಲ್ಡರ್‌ಗೆ ಸರಿದಿದೆ, ಹಳೆಯ ಮಾಡ್ಯೂಲ್ ಕಂಪೈಲ್ ಆಗದಿದ್ದರೆ ಮೊದಲು ಅಲ್ಲಿ ನೋಡಿ.

ಜೊತೆಗೆ ಟೋಕನ್ ಅನ್ನು ಬಫರ್‌ನಿಂದ ಹೊರಹಾಕಲಾಯಿತು. ಎಫ್‌ಇ ಬರುವವರೆಗೆ ಒಂದೊಂದೇ ಬೈಟ್ ಓದಿ, ಬಂದ ಮೇಲೆ 512 ಬೈಟ್ ನೇರವಾಗಿ 4ಕ್ಕೆ ಅಲೈನ್ ಆದ ಸೆಕ್ಟರ್ ಬಫರ್‌ಗೆ, ಸಿಆರ್‌ಸಿಯ 2 ಬೈಟ್ ಬೇರೆ ಕಡೆಗೆ. ಫೀಲ್ಡ್ ಓದಲು ಇದು ಬೇಕಿಲ್ಲ, ಆದರೆ ಸೆಕ್ಟರ್‌ಗಳನ್ನು ಇಡಿಯಾಗಿ ನಕಲು ಮಾಡುವಾಗ ಮೆಮ್‌ಕಾಪಿ ಪದ ಪದವಾಗಿ ಓಡಬಲ್ಲದು. ಬೈಟ್ ಅರೇಗೆ ಭಾಷೆ ಕೊಡುವ ಅಲೈನ್‌ಮೆಂಟ್ ಭರವಸೆ 1 ಮಾತ್ರ. ಕಂಪೈಲರ್ ಬಹಳ ಸಲ 4ಕ್ಕೇ ಕೂರಿಸುತ್ತದಾದರೂ ಅದರ ಮೇಲೆ ಮನೆ ಕಟ್ಟಬೇಡಿ, ಆಟ್ರಿಬ್ಯೂಟ್ ಬರೆಯಿರಿ.

ಫಾಲ್ಟೇ ಬಾರದ ಜಾತಿ: ಡಿಎಂಎ ರಿಂಗ್

ಕಾರ್ಡ್ ಓದಲಾರಂಭಿಸಿದ ಮೇಲೆ ಇನ್ನೊಂದು ವಿಚಿತ್ರ ಕಂಡಿತು. ಎಡಿಸಿ (ಅನಲಾಗ್ ಸಂಕೇತವನ್ನು ಅಂಕಿಯಾಗಿಸುವ ಘಟಕ) ಸ್ಯಾಂಪಲ್ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಫೈಲ್‌ನ ಈಗಿನ ಕ್ಲಸ್ಟರ್ ಸಂಖ್ಯೆ ಕಸವಾಗುತ್ತಿತ್ತು. ಫಾಲ್ಟ್ ಇಲ್ಲ. ಆ ಕಸದ ಬೆಲೆಗಳು ಎಲ್ಲವೂ 4096ಕ್ಕಿಂತ ಕಡಿಮೆಯ 16 ಬಿಟ್ ಜೋಡಿಗಳು. 12 ಬಿಟ್ ಎಡಿಸಿಯ ಸಹಿ ಅದು.

ಆರ್‌ಪಿ2040ರ ಡಿಎಂಎಗೆ (ಪ್ರೊಸೆಸರ್‌ನ ನೆರವಿಲ್ಲದೆ ಡೇಟಾ ಸಾಗಿಸುವ ಘಟಕ) ರಿಂಗ್ ಸೌಲಭ್ಯವಿದೆ: ಗಾತ್ರ 10 ಎಂದು ಕೊಟ್ಟರೆ ವಿಳಾಸದ ಕೆಳಗಿನ 10 ಬಿಟ್ ಮಾತ್ರ ತಿರುಗುತ್ತವೆ, ಮೇಲಿನವು ಕದಲುವುದಿಲ್ಲ. ಅಂದರೆ 1024 ಬೈಟ್‌ನ ರಿಂಗ್. ಹಾರ್ಡ್‌ವೇರ್‌ಗೆ ಬಫರ್ ಎಲ್ಲಿ ಶುರುವಾಗುತ್ತದೆ ಎಂಬುದೇ ಗೊತ್ತಿಲ್ಲ. 1024ರ ಗಡಿ ಮಾತ್ರ ಗೊತ್ತು. ಬಫರ್ ಕೂತಿದ್ದು ಹೆಕ್ಸ್ 20002100ರಲ್ಲಿ. ಬರಹ 20002400 ತಲುಪಿದಾಗ ಅದು ಬಫರ್ ತಳಕ್ಕಲ್ಲ, 20002000ಕ್ಕೆ ಮರಳುತ್ತದೆ. ಬಫರ್‌ಗಿಂತ ಮುಂಚಿನ 256 ಬೈಟ್‌ನಲ್ಲಿ ವಾಸವಾಗಿದ್ದ ನೆರೆಹೊರೆಯ ವೇರಿಯಬಲ್‌ಗಳ ಮೇಲೆ ಸ್ಯಾಂಪಲ್ ಸುರಿಯುತ್ತದೆ, ಬಫರ್‌ನ ಕೊನೆಯ 256 ಬೈಟ್ ಎಂದೂ ತುಂಬುವುದಿಲ್ಲ.

ಪರಿಹಾರ ಒಂದು ಸಾಲು, 1024ಕ್ಕೆ ಅಲೈನ್ ಮಾಡಿದ ಸ್ಟ್ಯಾಟಿಕ್ ಅರೇ. ಮ್ಯಾಲಾಕ್ ಬೇಡ, ಅದು ಅಷ್ಟು ದೊಡ್ಡ ಅಲೈನ್‌ಮೆಂಟಿನ ಭರವಸೆ ಕೊಡುವುದಿಲ್ಲ. ಲಿಂಕರ್ ಆ ಅರೇಗಿಂತ ಮೊದಲು 1023 ಬೈಟ್‌ವರೆಗೆ ಖಾಲಿ ಬಿಡಬಹುದು ಎಂಬುದನ್ನೂ ಲೆಕ್ಕದಲ್ಲಿಡಿ. 264 ಕಿಲೊಬೈಟ್ ರ್‍ಯಾಮ್‌ನಲ್ಲಿ ಅದು ನಡೆಯುತ್ತದೆ. ಡಿಎಂಎ ಶುರು ಮಾಡುವ ಮುನ್ನ ಬಫರ್ ವಿಳಾಸವನ್ನು 1023ರ ಜೊತೆ ಆಂಡ್ ಮಾಡಿ ಸೊನ್ನೆ ಬರುತ್ತದೆಯೇ ಎಂದು ಅಸರ್ಟ್ ಹಾಕಿಡುವುದು ಕಡ್ಡಾಯ ಎಂದೇ ಭಾವಿಸಿ.

ಎಂ7ಕ್ಕೆ ಒಯ್ದಾಗ: 32 ಬೈಟ್‌ನ ಕ್ಯಾಶ್ ಸಾಲು

ಇದೇ ಡ್ರೈವರ್ ಎಸ್‌ಟಿಎಂ32ಎಚ್743 ಮೇಲೆ ಹೋದಾಗ ಅಲೈನ್‌ಮೆಂಟ್‌ನ ಅರ್ಥವೇ ಬದಲಾಯಿತು. ಎಂ7 ಪ್ರೊಸೆಸರ್ ಅಲೈನ್ ತಪ್ಪಿದ ಲೋಡ್ ಸಹಿಸುತ್ತದೆ, ಆದರೆ ಅದರ ಡೇಟಾ ಕ್ಯಾಶ್ 32 ಬೈಟ್‌ನ ಸಾಲುಗಳಲ್ಲಿ ಮಾತ್ರ ಯೋಚಿಸುತ್ತದೆ.

ಅದಕ್ಕೂ ಮೊದಲು ಒಂದು ತಡೆ. ಹೆಕ್ಸ್ 20000000ದಲ್ಲಿರುವ 128 ಕಿಲೊಬೈಟ್ ಡಿಟಿಸಿಎಂ (ಪ್ರೊಸೆಸರ್‌ಗೆ ನೇರವಾಗಿ ಜೋಡಿಸಿದ ಮೆಮೊರಿ) ಅನ್ನು ಡಿಎಂಎ1, ಡಿಎಂಎ2 ಮುಟ್ಟಲಾರವು. ಬಫರ್ ಅಲ್ಲಿ ಬಿದ್ದಿದ್ದರೆ ಡಿಎಂಎ ಟ್ರಾನ್ಸ್‌ಫರ್ ಎರರ್ ಕೊಡುತ್ತದೆ. ಬಫರನ್ನು ಹೆಕ್ಸ್ 24000000ದ ಎಎಕ್ಸ್‌ಐ ಎಸ್‌ರ್‍ಯಾಮ್‌ಗೆ ಅಥವಾ 30000000ದ ಡಿ2 ಎಸ್‌ರ್‍ಯಾಮ್‌ಗೆ ಲಿಂಕರ್ ಸ್ಕ್ರಿಪ್ಟ್‌ನಲ್ಲಿ ಪ್ರತ್ಯೇಕ ಸೆಕ್ಷನ್ ಮಾಡಿ ಕಳಿಸಬೇಕು. ಡಿ2 ಆರಿಸಿಕೊಂಡರೆ ಅದರ ಗಡಿಯಾರ ಚಾಲೂ ಮಾಡುವುದನ್ನು ಮರೆಯಬೇಡಿ.

ಈಗ ಕ್ಯಾಶ್. ಸೆಕ್ಟರ್ ಬಫರ್ 32ಕ್ಕೆ ಅಲೈನ್ ಆಗಿದ್ದರೆ 512 ಬೈಟ್ ಸರಿಯಾಗಿ 16 ಸಾಲು. 4 ಬೈಟ್ ಪಕ್ಕಕ್ಕೆ ಸರಿದರೂ 17 ಸಾಲು, ಮೊದಲನೆಯದರಲ್ಲೂ ಕೊನೆಯದರಲ್ಲೂ ಬೇರೆಯವರ ವೇರಿಯಬಲ್‌ಗಳು ಬಾಡಿಗೆಗಿರುತ್ತವೆ. ಬಫರ್‌ನ ಹಿಂದೆಯೇ ಇಂಟರಪ್ಟ್‌ನಲ್ಲಿ ಏರುವ ಒಂದು ಕೌಂಟರ್ ಇದೆ ಎನ್ನಿ. ಅದರ ಹೊಸ ಬೆಲೆ ಇನ್ನೂ ಕ್ಯಾಶ್‌ನಲ್ಲೇ ಇದೆ, ರ್‍ಯಾಮ್‌ಗೆ ಇಳಿದಿಲ್ಲ. ಡಿಎಂಎ ಮುಗಿದ ಮೇಲೆ ಡ್ರೈವರ್ ಬಫರ್‌ನ ಸಾಲುಗಳನ್ನು ಇನ್‌ವ್ಯಾಲಿಡೇಟ್ ಮಾಡುತ್ತದೆ, ಅಂದರೆ ಕ್ಯಾಶ್‌ನಲ್ಲಿರುವ ನಕಲನ್ನು ಬಿಸಾಡುತ್ತದೆ. ಕೌಂಟರ್ ಹಳೆಯ ಬೆಲೆಗೆ ಜಾರುತ್ತದೆ. ಇನ್‌ವ್ಯಾಲಿಡೇಟ್ ಬದಲು ಕ್ಲೀನ್ ಮಾಡಿದರೆ ಕ್ಯಾಶ್‌ನ ಹಳೆಯ ಬೈಟ್‌ಗಳು ಡಿಎಂಎ ತಂದ ಹೊಸ ಬೈಟ್‌ಗಳ ಮೇಲೆ ಬರೆಯುತ್ತವೆ. ಹಂಚಿಕೊಂಡ ಸಾಲಿಗೆ ಸರಿಯಾದ ಕ್ರಮ ಎಂಬುದೇ ಇಲ್ಲ.

ಆದ್ದರಿಂದ ಆರಂಭ ವಿಳಾಸ 32ಕ್ಕೆ ಅಲೈನ್, ಗಾತ್ರವೂ 32ರ ಗುಣಕ. ಹಳೆಯ 515 ಬೈಟ್‌ನ ಸ್ಟ್ರಕ್ಚರ್ ಇಟ್ಟುಕೊಳ್ಳುವುದಾದರೆ 544ಕ್ಕೆ ಏರಿಸಬೇಕು. ಟೋಕನ್ ಹೊರಹೋಗಿದ್ದರಿಂದ 512ರಲ್ಲೇ ಮುಗಿಯಿತು. ಓದುವ ಕ್ರಮ: ಡಿಎಂಎ ಶುರುವಾಗುವ ಮುನ್ನ ಒಂದು ಇನ್‌ವ್ಯಾಲಿಡೇಟ್, ಕೊಳಕಾದ ಸಾಲು ಮಧ್ಯದಲ್ಲಿ ರ್‍ಯಾಮ್‌ಗೆ ಇಳಿಯದಿರಲಿ ಎಂದು. ಮುಗಿದ ಮೇಲೆ ಇನ್ನೊಂದು, ಯಾಕೆಂದರೆ ನಡುವೆ ಪ್ರೊಸೆಸರ್ ಊಹೆಯ ಮೇಲೆ ಸಾಲುಗಳನ್ನು ಮುಂಚಿತವಾಗಿ ಓದಿರಬಹುದು. ಎರಡನೆಯದನ್ನು ಮಾತ್ರ ಇಟ್ಟುಕೊಂಡ ಡ್ರೈವರ್‌ಗಳು ತಿಂಗಳಿಗೊಮ್ಮೆ ಒಂದು ಸೆಕ್ಟರ್ ಕೆಡಿಸುವ ಜಾತಿಗೆ ಸೇರುತ್ತವೆ. ಹಿಡಿಯುವುದು ಬಹಳ ಕಷ್ಟ.

ಇಷ್ಟೆಲ್ಲ ರಗಳೆ ಬೇಡ, ಎಂಪಿಯು (ಮೆಮೊರಿ ಪ್ರೊಟೆಕ್ಷನ್ ಯೂನಿಟ್) ಬಳಸಿ ಆ ಪ್ರದೇಶವನ್ನೇ ಕ್ಯಾಶ್‌ನಿಂದ ಹೊರಗಿಡೋಣ ಎನ್ನುವುದು ಒಪ್ಪುವ ಮಾತೇ. ಆದರೆ ಮೆಮೊರಿಯ ಬಗೆ ನಿರ್ಧರಿಸುವ ಅದರ ಟೆಕ್ಸ್, ಸಿ, ಬಿ ಫೀಲ್ಡ್‌ಗಳು ಮೂರನ್ನೂ ಸೊನ್ನೆ ಮಾಡಿ ಕ್ಯಾಶ್ ಆಫ್ ಆಯಿತು ಎಂದುಕೊಂಡರೆ ಕೆಟ್ಟಿರಿ. ಆ ಸಂಯೋಜನೆ ಸ್ಟ್ರಾಂಗ್ಲಿ ಆರ್ಡರ್ಡ್ ಮೆಮೊರಿಯದು. ಬಿ ಒಂದನ್ನು 1 ಮಾಡಿದರೆ ಡಿವೈಸ್ ಮೆಮೊರಿ. ಎರಡರಲ್ಲೂ ಅಲೈನ್ ತಪ್ಪಿದ ಒಂಟಿ ಲೋಡ್ ಕೂಡ ಯೂಸೇಜ್ ಫಾಲ್ಟ್. ಮೆಮ್‌ಕಾಪಿ ಅಲ್ಲಿಂದ ಬೆಸ ವಿಳಾಸದ ತುಣುಕು ತೆಗೆದೊಡನೆ ಎಂ7 ಎಂ0+ನಂತೆಯೇ ಮಕಾಡೆ ಮಲಗುತ್ತದೆ. ಬೇಕಾದದ್ದು ಸಾಮಾನ್ಯ, ಕ್ಯಾಶ್ ಇಲ್ಲದ ಮೆಮೊರಿ: ಟೆಕ್ಸ್ 1, ಸಿ 0, ಬಿ 0.

ಪರೀಕ್ಷೆ

ಪಾರ್ಸಿಂಗ್ ಭಾಗವನ್ನು ಸಾಮಾನ್ಯ ಕಂಪ್ಯೂಟರ್‌ನಲ್ಲಿ ಕಂಪೈಲ್ ಮಾಡಿ ಪರೀಕ್ಷಿಸುವುದು ಒಳ್ಳೆಯದು, ಆದರೆ ಎಕ್ಸ್86 ಅಲೈನ್ ತಪ್ಪಿದ್ದನ್ನು ಸದ್ದಿಲ್ಲದೆ ನುಂಗುತ್ತದೆ. ಅದಕ್ಕೆ ಅಂಥ ತಪ್ಪನ್ನು ಓಡುವಾಗಲೇ ಹಿಡಿಯುವ ಅಲೈನ್‌ಮೆಂಟ್ ಸ್ಯಾನಿಟೈಸರ್ ಹಾಕಲೇಬೇಕು. ಕಾರ್ಡ್‌ನ ಮೊದಲ ಸೆಕ್ಟರ್ ಮತ್ತು ಬೂಟ್ ಸೆಕ್ಟರ್ ಅನ್ನು ಫೈಲ್ ಆಗಿ ತೆಗೆದು, 515 ಬೈಟ್‌ನ ಅಲೈನ್ ಆದ ಜಾಗದಲ್ಲಿ 0, 1, 2, 3 ಎಂಬ ನಾಲ್ಕು ಆಫ್‌ಸೆಟ್‌ಗಳಿಗೆ ಸರದಿಯಲ್ಲಿ ನಕಲು ಮಾಡಿ ಪಾರ್ಸರ್ ಓಡಿಸಿ. ನಾಲ್ಕರಲ್ಲೂ ಒಂದೇ ಉತ್ತರ, ಸ್ಯಾನಿಟೈಸರ್ ಮೌನ ಎಂದಾದರೆ ಪಾಸ್.

ಕಂಪೈಲರ್ ಎಚ್ಚರಿಕೆಗಳಲ್ಲಿ ಕಾಸ್ಟ್-ಅಲೈನ್ ಎಂಬುದು ಸಾಮಾನ್ಯ ವಾಲ್, ಎಕ್ಸ್ಟ್ರಾ ಪಟ್ಟಿಗಳಲ್ಲಿಲ್ಲ, ಬೇರೆಯಾಗಿ ಕೇಳಬೇಕು. ಕಂಪ್ಯೂಟರ್‌ನಲ್ಲಿ ಅದರ ಸಾದಾ ರೂಪ ಬಾಯಿಬಿಡುವುದಿಲ್ಲ, ಜಿಸಿಸಿ 8ರಿಂದ ಬಂದಿರುವ ಸ್ಟ್ರಿಕ್ಟ್ ರೂಪ ಬೇಕು. ವಾಯ್ಡ್ ಪಾಯಿಂಟರ್ ಮೂಲಕ ಎರಡು ಹಂತದಲ್ಲಿ ಕಾಸ್ಟ್ ಮಾಡಿದರೆ ಎಚ್ಚರಿಕೆ ಮಾಯವಾಗುತ್ತದೆ, ತಪ್ಪು ಅಲ್ಲೇ ಉಳಿಯುತ್ತದೆ. ಕೋಡ್ ರಿವ್ಯೂನಲ್ಲಿ ವಾಯ್ಡ್ ಮೂಲಕ ಸುತ್ತುಬಳಸಿ ಬಂದ ಕಾಸ್ಟ್ ಕಂಡರೆ ಅಲ್ಲೇ ನಿಲ್ಲಿ.

ಹಳೆಯ ಎಫ್411 ಬೋರ್ಡ್ ಈಗ ಬೇರೆ ಕೆಲಸಕ್ಕೆ ಬಂತು. ಕಾನ್ಫಿಗರೇಶನ್ ಕಂಟ್ರೋಲ್ ರಿಜಿಸ್ಟರ್‌ನ 3ನೇ ಬಿಟ್ ಅನ್ನು ಏರಿಸಿದರೆ ಎಂ4 ತನ್ನ ಔದಾರ್ಯವನ್ನು ಹಿಂತೆಗೆದುಕೊಂಡು ಅಲೈನ್ ತಪ್ಪಿದ ಪ್ರತಿ ಲೋಡ್, ಸ್ಟೋರ್‌ಗೂ ಫಾಲ್ಟ್ ಕೊಡುತ್ತದೆ, ಅದೂ ಕಾರಣ ತಿಳಿಸುವ ರಿಜಿಸ್ಟರ್ ಸಮೇತ. ಡೀಬಗ್ ಬಿಲ್ಡ್‌ನಲ್ಲಿ ಇದನ್ನು ಖಾಯಂ ಇಡಲಾಗಿದೆ. ಇಟ್ಟ ಕೂಡಲೇ ಮೊದಲ ಫಾಲ್ಟ್ ಬಂದದ್ದು ಡ್ರೈವರ್‌ನಲ್ಲಿ ಅಲ್ಲ, ನ್ಯೂಲಿಬ್ ಎಂಬ ಸಿ ಲೈಬ್ರರಿಯ ಮೆಮ್‌ಕಾಪಿಯಲ್ಲಿ. ಎಂ4ಗೆಂದು ಮೊದಲೇ ಕಂಪೈಲ್ ಆದ ಆ ಲೈಬ್ರರಿ ಬೇಕೆಂದೇ ಅಲೈನ್ ತಪ್ಪಿದ ಲೋಡ್ ಬಳಸುತ್ತದೆ. ನಿಮ್ಮ ಕೋಡ್‌ಗೆ ಅನ್‌ಅಲೈನ್ಡ್ ಆಕ್ಸೆಸ್ ಬೇಡ ಎಂಬ ಫ್ಲ್ಯಾಗ್ ಕೊಟ್ಟರೂ ಲೈಬ್ರರಿ ಬದಲಾಗುವುದಿಲ್ಲ. ಡೀಬಗ್ ಬಿಲ್ಡ್‌ಗೆ ಬೈಟ್ ಬೈಟ್ ನಕಲು ಮಾಡುವ ಸ್ವಂತ ಮೆಮ್‌ಕಾಪಿ ಲಿಂಕ್ ಮಾಡಿ. ಅದರ ಲೂಪ್ ಅನ್ನು ಕಂಪೈಲರ್ ಮತ್ತೆ ಮೆಮ್‌ಕಾಪಿ ಕರೆಯಾಗಿ ಬದಲಿಸಿ ತನ್ನನ್ನು ತಾನೇ ಕರೆಯದಂತೆ ಆ ಫೈಲ್‌ಗೆ ಲೂಪ್ ವಿನ್ಯಾಸ ಗುರುತಿಸುವ ಆಪ್ಟಿಮೈಸೇಶನ್ ಆಫ್ ಮಾಡಿ.